ಪಾರ್ಕಿಂಗ್‌ನಿಂದ ಕಂಡ ದೇಶ

ಫೆಬ್ರವರಿ 9, ಬೆಳಿಗ್ಗೆ

ಹಾಲು ಉಕ್ಕಿತು. ಒಲೆ ಒರೆಸಿ ಮತ್ತೆ ಇಟ್ಟೆ. ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಬೇಡಿ ಎಂದು ಎಷ್ಟು ಸಲ ಹೇಳುವುದು! ಪಾತ್ರೆ ವಾಲುತ್ತದೆ. ಒಂದು ಕಡೆ ಉಕ್ಕುತ್ತದೆ, ಇನ್ನೊಂದು ಕಡೆ ತಣ್ಣಗೇ ಇರುತ್ತದೆ. ಇವರಿಗೆ ಹೇಳಿದರೆ, "ಪಾರ್ಕಿಂಗಿನವ್ರು ತೋರಿಸಿದ ಜಾಗದಲ್ಲಿ ನಿಲ್ಲಿಸ್ಬೇಕು ಕಣೇ, ನಮ್ಮಪ್ಪನ ಜಾಗಾನಾ?" ಹನ್ನೊಂದು ವರ್ಷದಿಂದ ಇದೇ ಉತ್ತರ. ಓಡಿಸುವುದು ಇವರು. ಅದೇ ಬಸ್ಸಿನ ಹಿಂದುಗಡೆಯ ಅಡುಗೆ ಗೂಡಿನಲ್ಲಿ ಬೇಯಿಸುವುದು ನಾನು.

ದೇಶದ ಈ ತುದಿಯಿಂದ ಆ ತುದಿಗೆ ಪ್ರವಾಸ. ಕೋಟೆ, ಅರಮನೆ, ಉಪ್ಪಿನ ಬಯಲು, ಅಣೆಕಟ್ಟು, ಜಲಪಾತ, ಕೊನೆಗೆ ಸಮುದ್ರದ ಅಂಚಿನಲ್ಲಿರುವ ದೀಪಸ್ತಂಭ. "ಸಾಯುವ ಮುನ್ನ ನೋಡಲೇಬೇಕಾದ ತಾಣಗಳು" ಎಂದು ಬಸ್ಸಿನ ಮೈಮೇಲೆ ಬರೆಸಿದ್ದಾರೆ, ಪಕ್ಕದಲ್ಲೇ ಎಲ್ಲದರ ಚಿತ್ರ. ದಿನಾ ತೊಳೆಯುವವಳು ನಾನೇ. ಜಲಪಾತಕ್ಕೆ ಸೋಪು ಹಾಕಿ ಉಜ್ಜಿದ್ದೇನೆ. ಕೋಟೆಯ ಬುರುಜಿನ ಮೇಲಿನ ಕಾಗೆಯ ಹಿಕ್ಕೆ ಕೆರೆದಿದ್ದೇನೆ.

ಊರಲ್ಲಿ ಎಲ್ಲರೂ ಅನ್ನುವುದು — "ನಿಮಗೇನ್ರೀ, ಗಂಡ ಹೆಂಡ್ತಿಗೆ ವರ್ಷಪೂರ್ತಿ ಹನಿಮೂನ್." ಹೌದು. ಹನಿಮೂನಿಗೆ ಬಂದು ಈರುಳ್ಳಿ ಹೆಚ್ಚುತ್ತಿದ್ದೇನೆ.

ಮಧ್ಯಾಹ್ನ

ಇವತ್ತು ಕೋಟೆ. ಅತಿಥಿಗಳೆಲ್ಲ ಮೇಲೆ ಹತ್ತಿದರು. ಬಸ್ಸಿನಲ್ಲಿ ಉಳಿದವರು ನಾನು, ಇವರು, ಟೋಪಿ ಅಜ್ಜಿ. ಅಜ್ಜಿಗೆ ಎರಡೂ ಮಂಡಿ ಹೋಗಿವೆ. ಅಗಲ ಅಂಚಿನ ಹುಲ್ಲಿನ ಟೋಪಿ ಮಾತ್ರ ತಲೆಯಿಂದ ಇಳಿಯುವುದಿಲ್ಲ, ನಿದ್ದೆ ಮಾಡುವಾಗಲೂ. ಮಗ ಬಿಲ್ಡರ್, ಅವನೇ ಕರೆದುಕೊಂಡು ಬಂದಿದ್ದಾನೆ. ಪ್ರತಿ ಊರಿನಲ್ಲೂ ಅಮ್ಮನ ಸೀಟಿನ ಪಕ್ಕ ನೀರಿನ ಬಾಟಲಿ ಇಟ್ಟು, "ಇಲ್ಲೇ ಕೂತಿರು" ಎಂದು ಹೇಳಿ ಹೋಗುತ್ತಾನೆ.

ಚಹಾ ಕೊಟ್ಟೆ. ಅಜ್ಜಿ ಕೇಳಿದರು, "ಒಳಗೆ ಏನೇನಿದೆಯಮ್ಮಾ? ನೀನು ಎಷ್ಟೋ ಸಲ ನೋಡಿರ್ತೀಯ."

"ಒಂದ್ಸಲಾನೂ ನೋಡಿಲ್ಲ ಅಜ್ಜಿ."

ಅಜ್ಜಿ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಯಾಕೆ?"

"ಸ್ಟಾಫು ಗಾಡಿ ಬಿಟ್ಟು ಹೋಗೋ ಹಾಗಿಲ್ಲ. ರೂಲ್ಸು."

"ನನಗೆ ಮಂಡಿ ಇಲ್ಲ, ಕೂತಿದೀನಿ. ನಿನಗೇನು ಧಾಡಿ?"

ಮುಖಕ್ಕೆ ಹೊಡೆದ ಹಾಗಾಯಿತು.  ಅದೇ ಯೋಚನೆಯಲ್ಲಿ ಆಲೂಗಡ್ಡೆಯ ಸಿಪ್ಪೆ ಜೊತೆ ಅರ್ಧ ಆಲೂಗಡ್ಡೆಯೂ ಹೋಯಿತು.

ಫೆಬ್ರವರಿ 10, ದಾರಿಯಲ್ಲಿ

ಬರವಣಿಗೆ ಕುಣಿಯುತ್ತಿದೆ. ರಸ್ತೆ ಹಾಗಿದೆ. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದೇನೆ.

ಇವರನ್ನು ಕೇಳಿದೆ. "ರೀ, ನೀವು ಯಾವತ್ತಾದ್ರೂ ಒಳಗೆ ಹೋಗಿದೀರಾ?"

"ಎಲ್ಲಿಗೆ?"

"ಎಲ್ಲಿಗಾದ್ರೂ."

ಗೇರು ಬದಲಿಸಿದರು. ಯೋಚಿಸಿದರು. "ಅಣೆಕಟ್ಟಿನ ಕಕ್ಕಸಿಗೆ ಹೋಗಿದ್ದೆ ಒಂದ್ಸಲ. ಚೆನ್ನಾಗಿಟ್ಟಿದಾರೆ."

ನಗಬಾರದೆಂದುಕೊಂಡರೂ ನಗು ಬಂತು. ಆಮೇಲೆ ಹೇಳಿದೆ — ನಾಳೆ ಅರಮನೆಯ ಒಳಗೆ ಹೋಗುತ್ತೇನೆ.

"ಏನು?"

"ಕೇಳಿಸ್ತಲ್ಲ."

"ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯಬೇಡ. ಗಾಡೀಲಿ ಗ್ಯಾಸ್ ಸಿಲಿಂಡರ್ ಇದೆ. ಒಬ್ರು ಇರ್ಲೇಬೇಕು."

"ಒಬ್ರು ಇರ್ಬೇಕು ತಾನೆ? ನೀವಿದೀರಲ್ಲ. ಇಬ್ರೂ ಯಾಕೆ ಸಿಲಿಂಡರ್ ಮುಖ ನೋಡ್ಕೊಂಡು ಕೂರ್ಬೇಕು?"

"ಸೀಟಿ ಬಿಡಲ್ಲ."

ಸೀಟಿ ಅಂದರೆ ಟೂರ್ ಮ್ಯಾನೇಜರ್. ಕೊರಳಿಗೆ ಸೀಟಿ ಕಟ್ಟಿಕೊಂಡೇ ಇರುತ್ತಾನೆ. ಅತಿಥಿಗಳನ್ನು ಕರೆಯಲು ಒಂದು ಊದು, ನಮ್ಮನ್ನು ಕರೆಯಲು ಎರಡು.

"ಅವನನ್ನ ಕೇಳಿದ್ರೆ ತಾನೆ ಬಿಡೋದು, ಬಿಡದೇ ಇರೋದು?"

 ಇವರು ರಸ್ತೆ ನೋಡುತ್ತಲೇ, "ಎರಡು ವರ್ಷ ನಾನು ಮನೇಲಿ ಕೂತಿದ್ದು ಮರೆತ್ಯಾ?" ಎಂದರು.

ಮರೆತಿಲ್ಲ. ಲಾರಿ ಕಂಪನಿ ಮುಚ್ಚಿತು. ದಿನಾ ಬೆಳಿಗ್ಗೆ ಖಾಕಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು, ಹೋಗುವುದಕ್ಕೆ ಎಲ್ಲಿಯೂ ಇರಲಿಲ್ಲ. ಆ ಭಯ ಇನ್ನೂ ಇವರ ಬೆನ್ನ ಮೇಲೆ ಕೂತಿದೆ. ಗೊತ್ತು. ಆದರೆ ಎಷ್ಟು ವರ್ಷ ನಾನೂ ಅದನ್ನು ಹೊರಲಿ?

ಫೆಬ್ರವರಿ 11, ಮಧ್ಯಾಹ್ನ

ಹೋದೆ!

ಅಕ್ಕಿ ತೊಳೆದು, ಬೇಳೆ ಸಣ್ಣ ಉರಿಯಲ್ಲಿಟ್ಟು, ಇವರಿಗೆ ಸೌಟು ಕೊಟ್ಟು, "ತಳ ಹಿಡಿಯದ ಹಾಗೆ ನೋಡ್ಕೊಳ್ಳಿ" ಎಂದೆ. ಏಪ್ರನ್ ಬಿಚ್ಚಿದೆ. ಕೂದಲು ಸರಿ ಮಾಡಿಕೊಂಡೆ. ಟಿಕೆಟ್ ಕೊಂಡು, ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ಎಲ್ಲರ ಹಾಗೆ ಒಳಗೆ ಹೋದೆ. ಬಾಗಿಲವನು ತಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಟಿಕೆಟ್ ಹರಿದು ಕೊಟ್ಟ, ಅಷ್ಟೇ. ಇಷ್ಟು ವರ್ಷ ತಡೆದದ್ದು ಯಾರು ಹಾಗಾದರೆ?

ಅರಮನೆ… ಏನು ಬರೆಯಲಿ. ಸಿಂಹಾಸನದ ಮನೆಯಲ್ಲಿ ಬಾವಲಿ ನಾತ. ರಾಣಿಯ ಕೋಣೆಯ ಕಿಟಕಿ ನಮ್ಮ ಅಡುಗೆ ಗೂಡಿನ ಕಿಟಕಿಗಿಂತ ಚಿಕ್ಕದು. ಗೋಡೆಯ ತುಂಬ ಯಾರು ಯಾರೋ ಪ್ರೇಮಿಗಳ ಹೆಸರು ಕೆತ್ತಿದ್ದಾರೆ. ಇಷ್ಟೇನಾ ಅನ್ನಿಸಿತು. ಇದಕ್ಕಾ ಜನ ದೇಶ ದಾಟಿ ಬರುವುದು?

ವಾಪಸ್ ಬರುವಾಗ ಸಿಟ್ಟು ಬಂತು. ಅರಮನೆಯ ಮೇಲಲ್ಲ. "ಇಷ್ಟೇನಾ" ಅಂದುಕೊಳ್ಳುವುದಕ್ಕೂ ನನಗೆ ಹನ್ನೊಂದು ವರ್ಷ ಬೇಕಾಯಿತಲ್ಲ! ನಿರಾಸೆ ಪಡುವ ಭಾಗ್ಯವೂ ದುಡ್ಡು ಕೊಟ್ಟು ಬಂದವರಿಗೇ ಮೀಸಲು.

ಬೇಳೆ ತಳ ಹಿಡಿದಿತ್ತು. ಇವರು ಸೌಟು ಹಿಡಿದುಕೊಂಡೇ ನಿದ್ದೆ ಹೋಗಿದ್ದರು. ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ ಬಡಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಅಜ್ಜಿ ಮಾತ್ರ ಟೋಪಿಯ ಅಂಚಿನ ಕೆಳಗಿನಿಂದ ನೋಡಿ, "ಹೇಗಿತ್ತು?" ಎಂದರು.

"ದರಿದ್ರವಾಗಿತ್ತು ಅಜ್ಜಿ."

"ಸದ್ಯ. ನಾನೇನೂ ಕಳ್ಕೊಂಡಿಲ್ಲ." ಇಬ್ಬರೂ ನಕ್ಕೆವು.

ಫೆಬ್ರವರಿ 14, ಸಂಜೆ

ಪೆನ್ನಿನ ಮೊನೆ ಹಾಳೆ ತೂತು ಮಾಡುತ್ತಿದೆ. ಸಿಟ್ಟಿಗೆ. ಇರಲಿ, ಮೊದಲಿಂದ ಬರೆಯುತ್ತೇನೆ.

ಉಪ್ಪಿನ ಬಯಲು. ಬಸ್ಸು ನಿಲ್ಲುವುದು ಡಾಂಬರು ರಸ್ತೆಯ ಕೊನೆಯಲ್ಲಿ. ಅಲ್ಲಿಂದ ಮುಂದಕ್ಕೆ ಬರೀ ಬಿಳುಪು. ನಾನು ಅಡುಗೆ ಮಾಡುವುದು ಬಸ್ಸಿನ ಈ ಪಕ್ಕ, ಬಯಲು ಆ ಪಕ್ಕ. ಇಷ್ಟು ವರ್ಷ ಅದಕ್ಕೆ ಬೆನ್ನು ಹಾಕಿಕೊಂಡೇ ಕಾಯಿಪಲ್ಲೆ ಹೆಚ್ಚಿದ್ದೇನೆ. ಇವತ್ತು ಚಪ್ಪಲಿ ಬಿಟ್ಟು ನಡೆದೆ. ಅತಿಥಿಗಳು ಫೋಟೊ ತೆಗೆಯುತ್ತಾ ರಸ್ತೆಯ ಅಂಚಿಗೇ ನಿಂತಿದ್ದರು. ನಾನು ಅವರನ್ನೂ ದಾಟಿ ಹೋದೆ. ಕಾಲ ಕೆಳಗೆ ಉಪ್ಪು ಸಣ್ಣಗೆ ಮುರಿಯುತ್ತಿತ್ತು, ಒಣಗಿದ ಬ್ರೆಡ್ಡಿನ ಅಂಚು ಮುರಿದ ಹಾಗೆ. ತಿರುಗಿ ನೋಡಿದರೆ ಬಸ್ಸು ಕಡ್ಡಿಪೆಟ್ಟಿಗೆಯಷ್ಟಾಗಿತ್ತು. ನಾಲ್ಕೂ ಕಡೆ ಆಕಾಶ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಗೊತ್ತಾಗದು. ಯಾರೂ "ಉಪ್ಪು ಕಮ್ಮಿ" ಅನ್ನುವಂತಿಲ್ಲದ ಜಾಗ. ಒಂದು ಚೂರು ಬಾಯಿಗೆ ಹಾಕಿಕೊಂಡೆ. ಕಹಿ. ಅಡುಗೆಗೆ ಬರುವುದಿಲ್ಲ. ನಕ್ಕುಬಿಟ್ಟೆ, ಒಬ್ಬಳೇ, ಜೋರಾಗಿ.

ಹೊತ್ತಿನ ಪರಿವೆ ಇರಲಿಲ್ಲ. ಎರಡು ಸಲ ಊದಿದ್ದು ಕೇಳಿಸಿತು. ಮತ್ತೆ ಎರಡು. ಮತ್ತೆ.

ಬಂದಾಗ ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿ. ಅನ್ನ ಆಗಿತ್ತು, ಮುಚ್ಚಿಟ್ಟಿದ್ದೆ. ಬಡಿಸುವವರಿಲ್ಲ. ಸೀಟಿ ಎಲ್ಲರ ಎದುರು ಕೂಗಾಡಿದ. "ಏನಮ್ಮಾ, ಅಡುಗೆಗೆ ಬಂದಿದೀಯೋ ವಾಕಿಂಗಿಗೆ ಬಂದಿದೀಯೋ? ನೀನೇನು ಟೂರಿಸ್ಟಾ?"

"ಹೌದು," ಎಂದೆ. "ಇವತ್ತಿಂದ."

ಯಾರೋ ನಕ್ಕರು. ಅದರಿಂದ ಅವನಿಗೆ ಇನ್ನೂ ಉರಿಯಿತು.

"ಹಸಿದ ಜನ ನಿಂತಿದಾರೆ!"

"ಪಾತ್ರೆ ಅಲ್ಲೇ ಇದೆ, ಸೌಟು ಅಲ್ಲೇ ಇದೆ. ಮುಚ್ಚಳ ತೆಗೆಯೋಕೂ ನಾನೇ ಬರ್ಬೇಕಾ?"

ಹೇಳಿದ ಮೇಲೆ ಬಡಿಸಿದೆ. ಹಸಿದವರ ಮೇಲೆ ನನಗೇನು ಸಿಟ್ಟು? ಸೀಟಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಇನ್ನೊಂದ್ಸಲ ಗಾಡಿ ಬಿಟ್ಟು ಹೋದ್ರೆ ಅಲ್ಲೇ ಇಳಿಸ್ತೀನಿ. ಗಂಡನ ಕೆಲಸಕ್ಕೂ ಕಲ್ಲು ಹಾಕ್ಬೇಡ," ಎಂದ.

ಇವರು ಏನು ಮಾಡುತ್ತಿದ್ದರು? ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಟೈರು ನೋಡುತ್ತಿದ್ದರು. ಟೈರಿಗೆ ಏನೂ ಆಗಿರಲಿಲ್ಲ.

ಫೆಬ್ರವರಿ 15

ಇವರೊಂದಿಗೆ ಮಾತಿಲ್ಲ. ಚಹಾ ಕೊಟ್ಟೆ, ಲೋಟ ಎದುರಿಗಿಟ್ಟು ಬಂದೆ. ಖಾಲಿ ಲೋಟ ತಾವೇ ತೊಳೆದಿಟ್ಟಿದ್ದರು. ರಾಜಿಯ ಅರ್ಜಿ. ತಿರಸ್ಕರಿಸಿದೆ.

ಫೆಬ್ರವರಿ 17, ಸಂಜೆ

ಅಣೆಕಟ್ಟು. ನಿಜ ಹೇಳುತ್ತೇನೆ — ಇವತ್ತು ಹೋಗುವ ಯೋಚನೆ ಇರಲಿಲ್ಲ. ಇವರ ಮುಖ ನೋಡಿ, ಒಂದು ದಿನ ಸುಮ್ಮನಿರೋಣ ಎಂದುಕೊಂಡಿದ್ದೆ. ಅಡುಗೆಯನ್ನು ಬೇಗ ಮುಗಿಸಿ ಡಬ್ಬಿಗಳಿಗೂ ತುಂಬಿದ್ದೆ.

ಅಜ್ಜಿ ಕರೆದರು. ಗೇಟಿನ ಕಡೆ ಬೆರಳು ತೋರಿಸಿದರು. ಅಲ್ಲೊಂದು ಗಾಲಿಕುರ್ಚಿ, ನಡೆಯಲಾಗದವರಿಗೆಂದು ಇಟ್ಟದ್ದು. ಧೂಳು ಹಿಡಿದಿತ್ತು.

"ಅದನ್ನ ತಳ್ಳೋಕೆ ಬರುತ್ತಾ ನಿನಗೆ?"

"ಮಗ ಬರ್ಲಿ ಅಜ್ಜಿ, ಅವರನ್ನ ಕೇಳಿ—"

"ಅವನು ಬಂದ್ರೆ ಬಿಸಿಲು ಅಂತಾನೆ, ಗಾಳಿ ಅಂತಾನೆ. ಬಸ್ಸಿನ ಸೀಟು ನೋಡೋಕೆ ಅಷ್ಟು ದೂರದಿಂದ ಬಂದಿಲ್ಲ ನಾನು. ನೀನು ತಳ್ತೀಯೋ, ನಾನು ತೆವಳ್ಕೊಂಡು ಹೋಗ್ಲೋ?"

ತಳ್ಳಿದೆ. ಇವರು ಸ್ಟೀರಿಂಗ್ ಹಿಡಿದು ನೋಡುತ್ತಲೇ ಇದ್ದರು. ಬೇಡ ಅನ್ನಲಿಲ್ಲ. ಅಜ್ಜಿಯನ್ನು ಕುರ್ಚಿಗೆ ಇಳಿಸುವಾಗ ಬಂದು ಒಂದು ಕೈ ಹಿಡಿದರು. ಹಿಡಿದು, ತಿರುಗಿ ತಮ್ಮ ಸೀಟಿಗೆ ಹೋದರು.

ಕಟ್ಟೆಯ ಮೇಲೆ ಅಗಲ ರಸ್ತೆ. ಒಂದು ಕಡೆ ನಿಂತ ನೀರು, ಸಮುದ್ರದಷ್ಟು. ಇನ್ನೊಂದು ಕಡೆ ನೋಡಿದರೆ ಮರಗಳೂ ಕೊತ್ತಂಬರಿ ಕಟ್ಟಿನಷ್ಟು ಕಾಣುವ ಆಳ. ಮಧ್ಯಕ್ಕೆ ಹೋಗುವಷ್ಟರಲ್ಲಿ ಸೈರನ್ ಕೂಗಿತು. ಅಣೆಕಟ್ಟಿನ ನೀರಿನ ಗೇಟು ಎತ್ತಿದರು. ಕಾಲ ಕೆಳಗಿನ ಕಾಂಕ್ರೀಟೇ ಗುಡುಗುಡು ಎಂದಿತು. ನೀರು ಹೊರಗೆ ಹಾರಿ, ಕೆಳಗೆ ಬಿದ್ದು, ಹೊಗೆಯಾಗಿ ಮೇಲೆದ್ದು ನಮ್ಮ ಮೇಲೇ ಬಂತು. ಗಾಳಿ ಅಜ್ಜಿಯ ಟೋಪಿ ಎಗರಿಸಿತು. ಕಂಬಿಯ ಆಚೆ ಹಾರಿ, ತಿರುಗುತ್ತಾ ತಿರುಗುತ್ತಾ ಇಳಿಯಿತು.

ಅಯ್ಯೋ ಎಂದೆ. ಅಜ್ಜಿಯ ತಲೆಯಲ್ಲಿ ನಾಲ್ಕೇ ನಾಲ್ಕು ಬಿಳಿ ಕೂದಲು, ಒದ್ದೆಯಾಗಿ ಅಂಟಿಕೊಂಡಿದ್ದವು. "ಬಿಡೇ," ಎಂದರು. "ಅದಾದ್ರೂ ಕೆಳಗಡೆ ನೋಡ್ಕೊಂಡು ಬರ್ಲಿ." ಎಂಥ ನಗು! ಕೆಮ್ಮು ಬರುವವರೆಗೂ ನಕ್ಕರು. ವಾಪಸ್ ಹೋಗೋಣ ಎಂದರೆ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ.

ಬಿಲ್ಡರ್ ಎದುರು ಬಂದ. ಅಮ್ಮನ ಒದ್ದೆ ತಲೆ ನೋಡಿದ. ನನ್ನನ್ನು ನೋಡಿದ.

ಉಳಿದದ್ದು ನಾಳೆ.

ಫೆಬ್ರವರಿ 18, ಒಂದು ಬಸ್ ಸ್ಟ್ಯಾಂಡ್, ಮಧ್ಯಾಹ್ನ

ಅಜ್ಜಿಗೆ ರಾತ್ರಿ ಜ್ವರ ಬಂತು. ಬೆಳಿಗ್ಗೆ ಡಾಕ್ಟರ್ ನೋಡಿ ಶೀತ ಎಂದರು, ಎದೆ ಚೆನ್ನಾಗಿದೆ, ಮಾತ್ರೆ ಸಾಕು ಎಂದರು. ಬಿಲ್ಡರ್‌ಗೆ ಅದು ಸಾಲದು. "ಕೇಳದೇ ನಮ್ಮಮ್ಮನ್ನ ಮುಟ್ಟೋಕೆ ಅವಳ್ಯಾರು? ಏನಾದ್ರೂ ಆಗಿದ್ರೆ?" ಸೀಟಿ ಟೂರ್ ಕಂಪನಿಗೆ ಫೋನ್ ಮಾಡಿದ. ಫೋನ್ ಕೆಳಗಿಡುವಾಗ ಅವನ ಮುಖದಲ್ಲಿ ಬೇಸರವೇನೂ ಇರಲಿಲ್ಲ.

ಅಜ್ಜಿ ಒಳಗಿನಿಂದ ಕೂಗಿದರು. "ನಾನೇ ಕರ್ಕೊಂಡು ಹೋಗು ಅಂದಿದ್ದು ಕಣೋ!"

"ಅಮ್ಮಾ, ನೀನು ಸುಮ್ನಿರು."

ಮುಂದಿನ ಊರಿನಲ್ಲಿ ನನ್ನನ್ನು ಇಳಿಸಲು ನಿಲ್ಲಿಸಿದರು. ಮೇಲಿನ ರ‍್ಯಾಕಿನಿಂದ ನನ್ನ ಬ್ಯಾಗು ಇಳಿಸಿದ್ದು ಇವರೇ. ತಂದು ಕಾಲ ಬಳಿ ಇಟ್ಟರು. "ಮನೆ ಬೀಗದ ಕೈ ಸೈಡ್ ಜೇಬಲ್ಲಿಟ್ಟಿದೀನಿ," ಎಂದರು. ಅಷ್ಟೇ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವರ ಮಾತು — ಬೀಗದ ಕೈ ಸೈಡ್ ಜೇಬಲ್ಲಿದೆ.

ಸ್ಟಾರ್ಟ್ ಮಾಡಿದರು. ಹೋದರು. ಆ ಬಸ್ಸು ನನ್ನನ್ನು ಬಿಟ್ಟು ಹೋಗುವುದನ್ನು ಹೊರಗೆ ನಿಂತು ಎಂದೂ ನೋಡಿರಲಿಲ್ಲ. ಹಿಂದಿನಿಂದ ನೋಡಿದರೆ ಬಹಳ ಹಳೆಯ ಗಾಡಿ.

ಅಜ್ಜಿಗೆ ಜ್ವರ ಬಂದದ್ದಕ್ಕೆ ಬೇಜಾರಿದೆ. ಕರೆದುಕೊಂಡು ಹೋದದ್ದಕ್ಕೆ ಇಲ್ಲ. ಇವೆರಡೂ ಬೇರೆ ಬೇರೆ. ಕಲಸಬೇಡಿ ಎಂದು ಯಾರಿಗೆ ಹೇಳಲಿ? ಇಲ್ಲಿ ಬರೆದಿಡುತ್ತೇನೆ.

ಫೆಬ್ರವರಿ 20, ಬೆಳಿಗ್ಗೆ

ನಿನ್ನೆ ಏನೂ ಬರೆಯಲಿಲ್ಲ. ನಿನ್ನೆ ಪೂರ್ತಿ ಅತ್ತೆ. ಮುಗಿಯಿತು.

ಹೆಂಗಸರ ಡಾರ್ಮಿಟರಿ. ಮೇಲೆ ಕೆಳಗೆ ಮಂಚ, ನನ್ನದು ಮೇಲಿನದು. ಬೇರೆಯವರು ಮಾಡಿದ ತಿಂಡಿ ತಿಂದೆ. ಉಪ್ಪು ಹೆಚ್ಚು. ಆದರೂ ಯಾರೋ ಮಾಡಿ, ಯಾರೋ ತಟ್ಟೆ ತಂದಿಟ್ಟರಲ್ಲ, ಆ ಸುಖವೇ ಬೇರೆ.

ಮಗಳ ಫೋನು. ಅಪ್ಪ ಹೇಳಿದ್ದಾರೆ.

"ಅಮ್ಮಾ, ಸುಮ್ನೆ ಮನೆಗೆ ಹೋಗು. ಈ ವಯಸ್ಸಲ್ಲಿ ಏನಿದು ನಿಂದು?"

"ಈ ವಯಸ್ಸು ಅಂದ್ರೆ ಯಾವ್ದು?"

"ಅಲ್ಲಮ್ಮಾ… ಒಬ್ಳೇ ಬೇರೆ. ಜನ ಏನಂತಾರೆ?"

"ಜನಕ್ಕೆ ಹನ್ನೊಂದು ವರ್ಷ ಅಡುಗೆ ಮಾಡಿ ಹಾಕಿದೀನಿ. ಚೆನ್ನಾಗಿದೆ ಅಂತ ಕೂಡ ಅನ್ನಲಿಲ್ಲ. ಈಗೇನು ಹೊಸದಾಗಿ ಅನ್ನೋದು?"

ಅವಳು ನಿಟ್ಟುಸಿರು ಬಿಟ್ಟಳು. ಥೇಟ್ ಅಪ್ಪನ ನಿಟ್ಟುಸಿರು.

ಟಿಕೆಟ್ ಕೌಂಟರಿನಲ್ಲಿ ಊರಿನ ಹೆಸರು ಹೇಳಬೇಕೆಂದೇ ಹೋಗಿದ್ದೆ. ಸತ್ಯವಾಗಿಯೂ. ಒಳಗಿದ್ದವಳು "ಎಲ್ಲಿಗೆ?" ಎಂದಳು. ಬಾಯಿ ತಾನಾಗೇ "ಜಲಪಾತಕ್ಕೆ" ಎಂದಿತು.

ನಮ್ಮ ಟೂರ್ ಬಸ್ಸು ದೊಡ್ಡ ರಸ್ತೆ ಸುತ್ತಿ, ಮಧ್ಯೆ ಎರಡು ಕಡೆ ನಿಂತು ಹೋಗುತ್ತದೆ. ಈ ಲಡಕಾಸಿ ಬಸ್ಸು ಬೆಟ್ಟ ಹತ್ತಿ ಇಳಿದು ನೇರ ಹೋಗುತ್ತದೆ. ಅವರಿಗಿಂತ ಮೊದಲು ತಲುಪುತ್ತೇನೆ. ಅಡುಗೆಯವಳು ಮೊದಲು!

ಫೆಬ್ರವರಿ 21, ಜಲಪಾತದ ಬಳಿ

ಸೋಪು ಹಾಕಿ ಉಜ್ಜಿದ ಚಿತ್ರಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಮೊದಲು ಕಿವಿಗೆ ಬರುತ್ತದೆ. ಕಾಡಿನ ದಾರಿಯಲ್ಲಿ ನಡೆಯುತ್ತಿದ್ದೆ, ಎಲ್ಲೋ ಲಾರಿಗಳು ಸಾಲಾಗಿ ಹೋಗುತ್ತಿವೆ ಅಂದುಕೊಂಡೆ. ಆಮೇಲೆ ಎದೆಗೆ ಬರುತ್ತದೆ. ಕಣ್ಣಿಗೆ ಕೊನೆಗೆ. ತಿರುವಿನಲ್ಲಿ ಒಮ್ಮೆಲೇ ಬೆಟ್ಟ ಇಲ್ಲ. ಬೆಟ್ಟ ಇರಬೇಕಾದಲ್ಲಿ ನೀರು ನಿಂತಿದೆ. ಬೀಳುತ್ತಿದೆ ಅನ್ನಿಸಲಿಲ್ಲ, ನಿಂತಿದೆ ಅನ್ನಿಸಿತು. ಅಷ್ಟು ನೀರು.

ಕಂಬಿ ಹಿಡಿದು ನಿಂತೆ. ಪಕ್ಕದವರು ಏನೋ ಹೇಳಿದರು. ತುಟಿ ಅಲ್ಲಾಡುವುದು ಕಂಡಿತು, ಮಾತು ಕೇಳಿಸಲಿಲ್ಲ. ಆಗ ಹೊಳೆಯಿತು. ಇಲ್ಲಿ ಏನು ಕೂಗಿದರೂ ಯಾರಿಗೂ ಕೇಳುವುದಿಲ್ಲ!

ಕೂಗಿದೆ. ಸೀಟಿಯನ್ನು ಬೈದೆ, ನನಗೆ ಬರುವ ಬೈಗುಳವೆಲ್ಲ. ಬಿಲ್ಡರನನ್ನು ಬೈದೆ. ಕಂಪನಿಯನ್ನು ಬೈದೆ. ಆಮೇಲೆ ಇವರನ್ನು. "ನೀನು ಹೇಡಿ ಕಣೋ! ಬ್ಯಾಗು ಇಳಿಸಿಕೊಟ್ಟೆಯಲ್ಲೋ! ನನ್ನ ಜೊತೆ ನೀನೂ ಇಳೀಬಾರ್ದಿತ್ತಾ!" ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಏಕವಚನ. ನೀರು ಎಲ್ಲವನ್ನೂ ತೆಗೆದುಕೊಂಡು ಹೋಯಿತು. ಮುಖವೆಲ್ಲ ಒದ್ದೆ. ಅದರಲ್ಲಿ ನನ್ನದೆಷ್ಟು, ಜಲಪಾತದ್ದೆಷ್ಟು, ಗೊತ್ತಿಲ್ಲ.

ಪಕ್ಕದಲ್ಲೊಬ್ಬ ಗಂಡಸು ನನ್ನನ್ನು ನೋಡಿದ. ಆಮೇಲೆ ಅವನೂ ಕಂಬಿ ಹಿಡಿದು ಬಾಯಿ ತೆರೆದ. ಅವನಿಗೆ ಯಾರ ಮೇಲೆ ಸಿಟ್ಟೋ ಪಾಪ.

ಗಂಟಲು ಕೂತಿದೆ. ಹೊಟ್ಟೆ ಹಸಿದಿದೆ. ಎಷ್ಟೋ ವರ್ಷದ ಮೇಲೆ ನಿಜವಾಗಿ ಹಸಿದಿದೆ.

ಫೆಬ್ರವರಿ 22, ಸಂಜೆ

ಇವರ ಫೋನು. ಮೊದಲು ಎರಡು ಸಲ ಎತ್ತಲಿಲ್ಲ. ಮೂರನೆಯದಕ್ಕೆ ಎತ್ತಿದೆ.

"ಮನೆ ಸೇರಿದ್ಯಾ?"

"ಇಲ್ಲ."

"ಮತ್ತೆ? ಎಲ್ಲಿದೀಯ?"

"ಜಲಪಾತ ನೋಡಿದೆ ನಿನ್ನೆ."

 ಹಿಂದೆ ಜನರೇಟರ್ ಸದ್ದು. ಯಾವುದೋ ಪಾರ್ಕಿಂಗ್. "ನಿನ್ನ ಗಂಟಲು ಯಾಕೆ ಹಾಗಾಗಿದೆ?"

"ಮಾತಾಡ್ದೆ ಸ್ವಲ್ಪ. ಊಟ ಮಾಡಿದ್ರಾ?"

"ಬ್ರೆಡ್ಡು, ಬಾಳೆಹಣ್ಣು. ನಾಲ್ಕು ದಿನದಿಂದ ಅದೇ. ಎಲ್ರೂ ಸೀಟಿ ಮೇಲೆ ಹರಿಹಾಯ್ತಿದಾರೆ. ಅವನೇ ನಿನ್ನೆ ಅನ್ನ ಮಾಡೋಕೆ ಹೋಗಿ ಕೈ ಸುಟ್ಕೊಂಡ."

ಪಾಪ ಅನ್ನಲಿಲ್ಲ. "ಅಜ್ಜಿ?"

"ಜ್ವರ ಬಿಟ್ಟಿದೆ. ತಲೆಗೆ ಟವಲ್ ಸುತ್ಕೊಂಡು ಕೂತಿರ್ತಾರೆ. ನಿನ್ನ ಕೇಳ್ತಿರ್ತಾರೆ. ಮಗನ ಹತ್ರ ಮಾತು ಬಿಟ್ಟಿದಾರೆ."

 ಆಮೇಲೆ, ಬಹಳ ಮೆಲ್ಲಗೆ, "ಹೇಗಿತ್ತೇ?" ಎಂದರು.

"ಏನು?"

"ಅದೇ. ಜಲಪಾತ. ನಾಳೆ ನಾವು ಅಲ್ಲಿಗೇ ಹೋಗೋದು. ಹೇಳು, ಹೇಗಿತ್ತು?"

ಹೇಳಲು ಬಾಯಿ ತೆರೆದೆ. ನಿಲ್ಲಿಸಿಕೊಂಡೆ. "ಹೇಳಲ್ಲ. ಹೋಗಿ ನೋಡಿ."

"ಗಾಡಿ—"

"ಗಾಡಿ ಎಲ್ಲೂ ಓಡಿ ಹೋಗಲ್ಲ ರೀ. ನೀವು ಓಡಿಸಿದ್ರೆ ತಾನೆ!"

ಅವರೇ ಕಟ್ ಮಾಡಿದರು. ಸಿಟ್ಟೋ, ಸಿಗ್ನಲ್ಲೋ.

ಫೆಬ್ರವರಿ 24

ಸೀಟಿಯ ಫೋನು! ದನಿ ಸಕ್ಕರೆ. ಕಂಪನಿಯವರು ದೊಡ್ಡ ಮನಸ್ಸು ಮಾಡಿದ್ದಾರಂತೆ. ಒಂದು ಕ್ಷಮಾಪಣೆ ಬರೆದು ಕೊಟ್ಟರೆ ಉಳಿದ ದಿನಕ್ಕೂ, ಮುಂದಿನ ಟ್ರಿಪ್ಪಿಗೂ ಕರೆದುಕೊಳ್ಳುತ್ತಾರಂತೆ. "ಗಾಡಿ ಬಿಟ್ಟು ಹೋಗಿದ್ದು ತಪ್ಪು, ಇನ್ಮೇಲೆ ಹೋಗಲ್ಲ, ಇಷ್ಟೇ. ಎರಡು ಸಾಲು."

"ಅಜ್ಜಿಗೆ ಜ್ವರ ಬಂದಿದ್ದಕ್ಕೆ ಬೇಜಾರಾಯ್ತು ಅಂತ ಅಜ್ಜಿಗೇ ಹೇಳ್ತೀನಿ. ನೋಡಿದ್ದು ತಪ್ಪು ಅಂತ ಯಾರಿಗೂ ಬರ್ಕೊಡಲ್ಲ."

"ಗಂಡನ ಬಗ್ಗೆ ಯೋಚ್ನೆ ಮಾಡಮ್ಮಾ."

"ಅವರ ಬಗ್ಗೆ ಅವರು ಯೋಚ್ನೆ ಮಾಡ್ಕೊಳ್ತಾರೆ. ಕೈ ಹೇಗಿದೆ ನಿಮ್ದು? ಸುಟ್ಟಿದ್ದಕ್ಕೆ ತಣ್ಣೀರು ಹಾಕಿ, ಪೇಸ್ಟು ಹಚ್ಬೇಡಿ."

ಫೋನಿಟ್ಟ ಮೇಲೆ ಪರ್ಸಿನ ದುಡ್ಡು ಎಣಿಸಿದೆ. ಕೆಲಸ ಹೋಯಿತು. ಈ ಸಲ ನಾನೇ ಬಿಟ್ಟದ್ದು. ಭಯ ಇಲ್ಲವೆಂದರೆ ಸುಳ್ಳು. ಇದೆ. ಇರಲಿ, ಜೊತೆಗೆ ಬರಲಿ.

ಫೆಬ್ರವರಿ 25, ದೇಶದ ತುದಿ

ಇಲ್ಲಿಂದ ಮುಂದೆ ರಸ್ತೆ ಇಲ್ಲ. ನೆಲವೇ ಇಲ್ಲ. ಮೂರು ಕಡೆ ಸಮುದ್ರ, ಮಧ್ಯದ ಬಂಡೆಯ ಮೇಲೆ ದೀಪಸ್ತಂಭ, ಕೆಂಪು ಬಿಳಿ ಪಟ್ಟಿ. ಪ್ರವಾಸದ ಕೊನೆಯ ತಾಣ. ಒಳಗೆ ಬಿಡುವುದು ಸಂಜೆ ಮಾತ್ರ. ಇವತ್ತೇ ಹತ್ತಬಹುದಿತ್ತು. ಹತ್ತಲಿಲ್ಲ.

ಬಂಡೆಯ ಕೆಳಗೆ ಒಂದು ಚಹಾ ಅಂಗಡಿ. ನಡೆಸುವವಳು ನನ್ನ ವಯಸ್ಸಿನವಳು, ಒಂಟಿ. ಗಿರಾಕಿ ಹೆಚ್ಚಾದಾಗ ನೆರವಿಗೆ ನಿಂತೆ. ಮೊಟ್ಟೆ ಒಡೆಯುವ ನನ್ನ ಕೈ ನೋಡಿ, "ನೀವು ಈ ಕಸುಬಿನವರೇ ಅಲ್ವಾ?" ಎಂದಳು. ಮಲಗಲು ಹಿಂದಿನ ಕೋಣೆ ಕೊಟ್ಟಳು. "ಸೀಸನ್ನಲ್ಲಿ ನನಗೊಬ್ಳಿಗೇ ಆಗಲ್ಲ. ಇಷ್ಟವಾದ್ರೆ ಇಲ್ಲೇ ಇರಿ," ಎಂದಳು. ಹೂಂ ಅನ್ನಲಿಲ್ಲ, ಊಹೂಂ ಕೂಡ ಅನ್ನಲಿಲ್ಲ.

ಇವರಿಗೆ ನಾನೇ ಫೋನ್ ಮಾಡಿದೆ. "ನಾಳೆ ಬರ್ತೀರಲ್ಲ. ನಾನಿಲ್ಲೇ ಇದೀನಿ."

"ಇಲ್ಲೇ ಅಂದ್ರೆ? ತುದೀಲಾ? ಸರಿ, ಸರಿ. ಪಾರ್ಕಿಂಗಿಗೆ ಬಾ. ಮೂರು ಗಂಟೆಗೆಲ್ಲ ಬಂದಿರ್ತೀವಿ. ನಿನ್ನ ನೋಡಿ ಎಷ್ಟು ದಿನ ಆಯ್ತು…"

"ಪಾರ್ಕಿಂಗಿಗೆ ಬರಲ್ಲ ರೀ. ಸ್ತಂಭದ ಬಾಗಿಲ ಹತ್ರ ಇರ್ತೀನಿ. ನೀವೇ ಬನ್ನಿ."

"ನನಗೆ ಗಾಡಿ ಬಿಟ್ಟು ಬರೋಕಾಗಲ್ಲ ಅಂತ ಗೊತ್ತಲ್ವೇನೇ ನಿನಗೆ?"

"ಗೊತ್ತು."

ಜಲಪಾತ ನೋಡಿದರೋ ಇಲ್ಲವೋ ಕೇಳಲಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ.

ಫೆಬ್ರವರಿ 26, ಮಧ್ಯಾಹ್ನ

ಬಸ್ಸು ಬಂತು. ಸಮುದ್ರಕ್ಕೆ ಬೆನ್ನು ಹಾಕಿ ನಿಂತಿತು, ಯಾವಾಗಲೂ ನಿಲ್ಲುವ ಹಾಗೆ. ಅತಿಥಿಗಳು ಇಳಿದರು. ಸೀಟಿಯ ಬಲಗೈಗೆ ಬಟ್ಟೆ ಸುತ್ತಿದೆ. ಬಿಲ್ಡರ್ ಇಳಿದ. ಒಂದು ನಿಮಿಷ ನಿಂತ, ಮತ್ತೆ ಒಳಗೆ ಹತ್ತಿ, ಅಮ್ಮನನ್ನು ಎತ್ತಿಕೊಂಡು ಇಳಿದ! ತಲೆಯ ಟವಲ್ ಗಾಳಿಗೆ ಪಟಪಟ ಎನ್ನುತ್ತಿದೆ. ನನ್ನನ್ನು ಕಂಡು ಅಜ್ಜಿ ಎರಡೂ ಕೈ ಎತ್ತಿದರು. ನಾನೂ ಎತ್ತಿದೆ. ಬಿಲ್ಡರ್ ನನ್ನ ಕಡೆ ನೋಡಲಿಲ್ಲ. ಬೇಡ. ಅಜ್ಜಿ ಇಳಿದರಲ್ಲ, ಸಾಕು. ಬಂಡೆಯ ಕೆಳಗಿನ ಬೆಂಚಿನ ಮೇಲೆ, ಸಮುದ್ರದ ಕಡೆಗೆ ಮುಖ ಮಾಡಿ ಕೂರಿಸಿದ.

ಡ್ರೈವರ್ ಬಾಗಿಲು ತೆರೆಯಲಿಲ್ಲ.

ಗಾಜಿನ ಮೇಲೆ ಬಿಸಿಲು. ಒಳಗೆ ಇದ್ದಾರೋ, ಏನು ಮಾಡುತ್ತಿದ್ದಾರೋ ಕಾಣುವುದಿಲ್ಲ.

ನಾಲ್ಕು ಗಂಟೆ

ಸ್ತಂಭದ ಬಾಗಿಲು ತೆರೆದರು. ಸಾಲು ಒಳಗೆ ಹೋಗುತ್ತಿದೆ. ಬಸ್ಸಿನ ಬಾಗಿಲು ಹಾಗೇ ಇದೆ.

ಇನ್ನೂ ಒಂದು ಸುತ್ತು ನೋಡಿದೆ. ಸಾಕು. ಕಾಯುತ್ತಾ ಕೂರುವುದನ್ನು ಬಿಟ್ಟು ಬಂದವಳು ನಾನು. ಹತ್ತುತ್ತೇನೆ.

ಮೆಟ್ಟಿಲ ಮಧ್ಯೆ

ಸುರುಳಿ ಮೆಟ್ಟಿಲು. ಕಲ್ಲು ತಣ್ಣಗಿದೆ. ನಡುವೆ ಒಂದು ಕಿಟಕಿ, ಅದರ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮೊಣಕಾಲು ಬೈಯುತ್ತಿದೆ. ಜನ ಪಕ್ಕದಿಂದ ಹತ್ತಿ ಹೋಗುತ್ತಿದ್ದಾರೆ, "ಆರಾಮಾಗಿ ಬನ್ನಿ ಅಮ್ಮಾ" ಎನ್ನುತ್ತಾ.

ಕಿಟಕಿಯಿಂದ ಪಾರ್ಕಿಂಗ್ ಕಾಣುತ್ತದೆ. ಬಸ್ಸಿನ ನೆತ್ತಿಯನ್ನು ಎಂದೂ ನೋಡಿರಲಿಲ್ಲ. ತುಕ್ಕು ಹಿಡಿದಿದೆ. ಸೀಟಿ ಅದರ ಸುತ್ತ ಓಡಾಡುತ್ತಿದ್ದಾನೆ. ಡ್ರೈವರ್ ಬಾಗಿಲು ಎಳೆದು ನೋಡಿದ. ತೆರೆಯಲಿಲ್ಲ. ಬೀಗ ಹಾಕಿದೆ. ಇಣುಕಿದ. ಸುತ್ತ ನೋಡಿದ. ಸೀಟಿ ಬಾಯಿಗಿಟ್ಟ. ಎರಡು ಸಲ, ಮತ್ತೆ ಎರಡು ಸಲ. ಇಲ್ಲಿಗೆ ಏನೂ ಕೇಳಿಸುತ್ತಿಲ್ಲ, ಅವನ ಕೆನ್ನೆ ಉಬ್ಬುವುದು ಮಾತ್ರ ಕಾಣುತ್ತದೆ.

ಕೆಳಗೆ ಮೆಟ್ಟಿಲ ಮೇಲೆ ಹೆಜ್ಜೆ. ಭಾರದ ಹೆಜ್ಜೆ. ನಾಲ್ಕು ಮೆಟ್ಟಿಲು, ನಿಲ್ಲುತ್ತದೆ. ಉಸಿರು ಬಿಡುತ್ತದೆ. ಮತ್ತೆ ನಾಲ್ಕು. ಜೇಬಿನಲ್ಲಿ ಕೀಲಿ ಗೊಂಚಲಿನ ಸದ್ದು.

"ಏ ಇವಳೇ! ಮೇಲಿದೀಯೇನೇ?"

ಎದ್ದು ನಿಂತೆ. ಗೋಡೆಗೆ ಒರಗಿ ಬರೆಯುತ್ತಿದ್ದೇನೆ. "ಇಲ್ಲೇ ಇದೀನಿ, ಬನ್ನಿ" ಎಂದೆ.

"ಇನ್ನೂ ಎಷ್ಟು ಮೇಲಿದೆಯೇ ಇದು?"

ನನಗೇನು ಗೊತ್ತು, ನಾನೂ ಇದೇ ಮೊದಲ ಸಲ ಹತ್ತುತ್ತಿರುವುದು. ಹೆಜ್ಜೆ ಹತ್ತಿರ ಬಂತು, ಪುಸ್ತಕ ಮುಚ್ಚುತ್ತೇನೆ.